ಇಂಗ್ಲಿಷ್ ಬೇಕು, ಇಂಗ್ಲಿಷಿನಲ್ಲಿ ಮಾತು ಮಾತ್ರ ಬೇಡ: ನಾಳೆಯ ಮೇಷ್ಟ್ರುಗಳ ಬಾಯಿ ಕಟ್ಟಿದ್ದು ಯಾರು?

ಮೈಸೂರು, ಮಂಡ್ಯ ಸೀಮೆಯ ಯಾವ ಬಿ.ಎಡ್ ಕಾಲೇಜಿಗೆ ಬೇಕಾದರೂ ಹೋಗಿ, ‘ಇಂಗ್ಲಿಷ್ ಬರಬೇಕು ಅಂತ ಆಸೆ ಇದೆಯಾ’ ಎಂದು ಕೇಳಿ ನೋಡಿ. ಇಲ್ಲ ಅನ್ನುವವರು ಸಿಗುವುದು ಕಷ್ಟ. ‘ಸರಿ, ಯಾರಾದರೂ ಎದ್ದು ಬಂದು ನಿಮ್ಮೂರಿನ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ’ ಅನ್ನಿ. ಪೆನ್ನಿನ ಕ್ಯಾಪು ಹುಡುಕುವವರು, ಬ್ಯಾಗಿನೊಳಗೆ ಕೈ ಹಾಕುವವರು, ಪಕ್ಕದವಳನ್ನು ಮೊಣಕೈಯಲ್ಲಿ ತಿವಿದು ‘ನೀ ಹೋಗೇ’ ಅನ್ನುವವರೇ ಎಲ್ಲ. ಇನ್ನೆರಡು ವರ್ಷದಲ್ಲಿ ಇವರಲ್ಲೇ ಕೆಲವರು ಯಾವುದಾದರೂ ಶಾಲೆಯಲ್ಲಿ ಮಕ್ಕಳ ಮುಂದೆ ನಿಂತು ಇಂಗ್ಲಿಷ್ ಪಾಠ ಮಾಡಬೇಕು.

ಇದಕ್ಕೆ ಕಾಲೇಜುಗಳಲ್ಲಿ ಒಂದು ಸಿದ್ಧ ಉತ್ತರವಿದೆ: ‘ಇವರಿಗೆ ಮೋಟಿವೇಷನ್ ಇಲ್ಲ.’ ಹಾಗಾಗಿ ಮದ್ದೂ ಸಿದ್ಧವಾಗಿಯೇ ಇದೆ. ವರ್ಷಕ್ಕೊಮ್ಮೆ ಒಬ್ಬ ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ‘ಯು ಕ್ಯಾನ್ ಡು ಇಟ್’ ಎಂದು ಹೇಳಿಸಿ ಚಪ್ಪಾಳೆ ತಟ್ಟಿಸುತ್ತಾರೆ, ಶಾಲು ಹೊದ್ದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ರೋಗ ಒಂದು, ಔಷಧ ಇನ್ನೊಂದು. ಶಿಕ್ಷಕರ ತರಬೇತಿಯಲ್ಲಿರುವ ಈ ಪ್ರಶಿಕ್ಷಣಾರ್ಥಿಗಳಲ್ಲಿ ಇಂಗ್ಲಿಷಿನ ಹಂಬಲ ಬೇಕಾದಷ್ಟಿದೆ. ತಪ್ಪುತಪ್ಪಾಗಿ ಮಾತಾಡಿಯೂ ಮಾನ ಉಳಿಸಿಕೊಳ್ಳಬಹುದಾದ ಜಾಗವೊಂದು ಅವರಿಗೆ ಸಿಕ್ಕಿಲ್ಲ. ಜೊತೆಗೆ ಎಸ್ಸೆಸ್ಸೆಲ್ಸಿಯಿಂದ ಸರ್ಕಾರಿ ನೇಮಕಾತಿಯವರೆಗಿನ ದಾರಿಯಲ್ಲಿ ಅವರ ಇಂಗ್ಲಿಷ್ ಮಾತನ್ನು ಕಿವಿಗೊಟ್ಟು ಕೇಳಿ ಅಂಕ ಕೊಟ್ಟವರು ಇಲ್ಲವೆನ್ನುವಷ್ಟು ಕಡಿಮೆ. ಇವೆರಡನ್ನೂ ಬಿಟ್ಟು ಹುಡುಗರ ಮನಸ್ಸನ್ನು ದೂರಿ ಏನೂ ಆಗುವುದಿಲ್ಲ.

ಹಂಬಲದ ಲೆಕ್ಕಾಚಾರ

ಭಾಷಾ ಕಲಿಕೆಯ ಪ್ರೇರಣೆ ಕುರಿತ ಚರ್ಚೆಗೆ ಅಡಿಪಾಯ ಹಾಕಿದವರು ಕೆನಡಾದ ರಾಬರ್ಟ್ ಗಾರ್ಡ್‌ನರ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್. ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನ ಹೈಸ್ಕೂಲ್ ಮಕ್ಕಳನ್ನು ಅಧ್ಯಯನ ಮಾಡಿ 1959ರಲ್ಲಿ ಅವರು ಎರಡು ಬಗೆಯ ಪ್ರೇರಣೆಯನ್ನು ಗುರುತಿಸಿದರು. ಆ ಭಾಷೆಯಾಡುವ ಜನರ ಜೊತೆ ಬೆರೆಯಬೇಕು, ಅವರಂತಾಗಬೇಕು ಎಂಬ ಆಸೆ ಒಂದು. ನೌಕರಿ, ಸಂಬಳ, ಪರೀಕ್ಷೆಗಳಿಗಾಗಿ ಭಾಷೆ ಬೇಕು ಎಂಬುದು ಇನ್ನೊಂದು. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮಾತಾಡುವವರು ಪಕ್ಕದ ಬೀದಿಯಲ್ಲೇ ಇದ್ದರು. ಮದ್ದೂರಿನ ಹುಡುಗಿ ಬೆರೆಯಬೇಕಾದ ಇಂಗ್ಲಿಷ್ ಜನ ಎಲ್ಲಿದ್ದಾರೆ? ಸಂತೆ, ಎಪಿಎಂಸಿ ಯಾರ್ಡು, ಆಲೆಮನೆ, ಸರ್ಕಾರಿ ಬಸ್ಸು, ತಾಲ್ಲೂಕು ಕಚೇರಿ, ಎಲ್ಲಿಯೂ ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕಾದ ಪ್ರಸಂಗ ಬರುವುದಿಲ್ಲ.

ಟರ್ಕಿ, ಇಂಡೋನೇಷ್ಯಾ, ವಿಯೆಟ್ನಾಂನಂಥ ದೇಶಗಳಲ್ಲಿ ಇಂಗ್ಲಿಷ್ ಪೂರ್ತಿ ಪರಭಾಷೆ. ಅಲ್ಲಿನ ಶಿಕ್ಷಕ ವಿದ್ಯಾರ್ಥಿಗಳ ಮಾತಿನ ಅಂಜಿಕೆಯ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಭಾರತವನ್ನು ಸಾಮಾನ್ಯವಾಗಿ ಆ ಸಾಲಿಗೆ ಸೇರಿಸುವುದಿಲ್ಲ. ನಮ್ಮ ಕೋರ್ಟು, ಬ್ಯಾಂಕು, ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಎರಡನೇ ಭಾಷೆಯಾಗಿ ಬಳಕೆಯಲ್ಲಿದೆ ಎಂಬುದು ವಾದ. ಮೈಸೂರಿನ ಹೆಬ್ಬಾಳದ ಸಾಫ್ಟ್‌ವೇರ್ ಕ್ಯಾಂಪಸ್ಸಿನ ಮಟ್ಟಿಗೆ ಅದು ನಿಜವೂ ಹೌದು. ಕೆ.ಆರ್.ಪೇಟೆ ತಾಲ್ಲೂಕಿನ ಹಳ್ಳಿಯಿಂದ ಬಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರಿಗೆ ಇಂಗ್ಲಿಷ್ ಕಣ್ಣಿಗೆ ಮಾತ್ರ ಪರಿಚಿತ. ಅಂಗಡಿ ಬೋರ್ಡಿನ ಮೇಲೆ, ಬ್ಯಾಂಕಿನ ಚಲನ್ನಿನ ಮೇಲೆ, ಫೋನಿನ ಪರದೆಯ ಮೇಲೆ ನೋಡಿ ನೋಡಿ ಗೊತ್ತು. ಬಾಯಿಗೆ ಅದು ಈಗಲೂ ಪರದೇಶಿ.

ಆದ್ದರಿಂದ ಇಲ್ಲಿನ ಪ್ರೇರಣೆ ಬಹುಪಾಲು ಎರಡನೇ ಬಗೆಯದು: ಕೆಲಸಕ್ಕಾಗಿ. ಅದನ್ನು ಕೀಳು ಎಂದುಕೊಳ್ಳಬೇಕಾಗಿಲ್ಲ. ಕೆಲಸದಾಸೆಗೆ ಭಾಷೆ ಕಲಿತವರು ಚೆನ್ನಾಗಿಯೇ ಕಲಿತ ಉದಾಹರಣೆಗಳು ಲೋಕದ ತುಂಬ ಇವೆ; ಗಾರ್ಡ್‌ನರ್ ಮತ್ತು ಲ್ಯಾಂಬರ್ಟರೇ ಮುಂದೆ ಫಿಲಿಪೀನ್ಸ್‌ನಲ್ಲಿ ಇದನ್ನು ಕಂಡರು. ಆದರೆ ಕೆಲಸಕ್ಕಾಗಿ ಕಲಿಯುವವರು ಕೆಲಸ ಏನು ಕೇಳುತ್ತದೋ ಅದನ್ನೇ ಕಲಿಯುತ್ತಾರೆ. ಸರ್ಕಾರಿ ಕೆಲಸ ಏನು ಕೇಳುತ್ತದೆ ನೋಡಿ.

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದ್ವಿತೀಯ ಭಾಷೆಗೆ, ಅಂದರೆ ಕನ್ನಡ ಮಾಧ್ಯಮದವರಿಗೆ ಹೆಚ್ಚಾಗಿ ಇಂಗ್ಲಿಷಿಗೆ, 100. ಅದರಲ್ಲಿ 80 ಬರವಣಿಗೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಮೌಖಿಕ ಚಟುವಟಿಕೆ ಎಂಬ ಕಲಂ ಆ 20ರಲ್ಲಿ ಎಲ್ಲೋ ಇರುತ್ತದೆ, ಅಂಕ ಹೇಗೆ ಬೀಳುತ್ತದೆ ಎಂಬುದು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಮುಂದೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ: 150 ಬಹು ಆಯ್ಕೆ ಪ್ರಶ್ನೆ, 150 ಅಂಕ, ಅದರಲ್ಲಿ ಎರಡನೇ ಭಾಷೆಗೆ 30. ಸಾಮಾನ್ಯ ವರ್ಗದವರು 90 ಅಂಕ ತೆಗೆದರೆ ಪಾಸು. ಸರಿಯುತ್ತರದ ವೃತ್ತಕ್ಕೆ ಶಾಯಿ ತುಂಬಬೇಕು, ಅಷ್ಟೇ. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ನಡೆದ ನೇಮಕಾತಿಯಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆಗಳೂ ಇದ್ದವು. ಆಯ್ಕೆ ನಡೆದದ್ದು ಅಂಕಗಳ ಲೆಕ್ಕದ ಮೇಲೆ. ಅಂದರೆ ಒಂದೂ ಇಂಗ್ಲಿಷ್ ವಾಕ್ಯವನ್ನು ಬಾಯಿಬಿಟ್ಟು ಹೇಳದೆ ಒಬ್ಬ ವ್ಯಕ್ತಿ ಇಂಗ್ಲಿಷ್ ಮೇಷ್ಟ್ರಾಗಬಹುದು. ಹುಡುಗರು ದಡ್ಡರಲ್ಲ. ಗ್ರಾಮರ್ ಬಿಟ್‌ಗಳನ್ನು ಕಂಠಪಾಠ ಮಾಡುವವರು ಗೆಲ್ಲುತ್ತಾರೆ ಎಂದು ಅವರಿಗೆ ತಿಳಿದಿದೆ. ಕೋಚಿಂಗ್ ಸೆಂಟರುಗಳೂ ಅದನ್ನೇ ಮಾರುತ್ತವೆ.

ಖಾಸಗಿ ಶಾಲೆಯ ದಾರಿ ಇದಕ್ಕೆ ತದ್ವಿರುದ್ಧ. ಮೈಸೂರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’. ಆಮೇಲೆ ಡೆಮೊ ಕ್ಲಾಸು. ಅಲ್ಲಿ ಟಿಇಟಿ ಅಂಕ ಯಾರಿಗೂ ಬೇಕಿಲ್ಲ, ನಾಲಿಗೆ ಬೇಕು. ಬಿ.ಎಡ್ ಮುಗಿಸಿ ಸರ್ಕಾರಿ ಅರ್ಜಿ ಕರೆಯುವವರೆಗೆ ಹೊಟ್ಟೆಪಾಡಿಗೆ ಖಾಸಗಿ ಶಾಲೆ ಹಿಡಿಯುವವರೇ ಹೆಚ್ಚು. ಹಾಗಾಗಿ ಒಂದೇ ವ್ಯಕ್ತಿ ಎರಡು ಬೇರೆ ಇಂಗ್ಲಿಷುಗಳಿಗೆ ಏಕಕಾಲಕ್ಕೆ ತಯಾರಾಗಬೇಕು: ಬರೆದು ಗುರುತು ಹಾಕುವ ಇಂಗ್ಲಿಷು, ಎದುರು ಕೂತು ಆಡುವ ಇಂಗ್ಲಿಷು. ಮೊದಲನೆಯದಕ್ಕೆ ಗೈಡು, ಹಳೆಯ ಪ್ರಶ್ನೆಪತ್ರಿಕೆ, ಟೆಲಿಗ್ರಾಂ ಗುಂಪು ಎಲ್ಲ ಉಂಟು. ಎರಡನೆಯದಕ್ಕೆ ದುಡ್ಡು ಕಟ್ಟಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಬೇಕು. ಶಿಕ್ಷಕರನ್ನು ತಯಾರು ಮಾಡುವುದಕ್ಕೆಂದೇ ಇರುವ ಎರಡು ವರ್ಷದ ಕೋರ್ಸಿನ ಹೊರಗೆ ಹೋಗಿ ಮಾತು ಕಲಿಯಬೇಕಾಗಿದೆ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣುತ್ತಿಲ್ಲ.

ನಗುವವರ ನಡುವೆ

ಭಾಷಾ ತರಗತಿಯ ಅಂಜಿಕೆಯನ್ನು ಅಳೆಯಲು ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ 33 ಹೇಳಿಕೆಗಳ ಒಂದು ಮಾಪಕ ರೂಪಿಸಿದರು. ಅದರ ಬೆನ್ನಿಗಿದ್ದ ವಿಚಾರದಲ್ಲಿ ಮೂರು ಎಳೆಗಳಿವೆ: ಮಾತಾಡುವುದರ ಭಯ, ಪರೀಕ್ಷೆಯ ಭಯ, ಬೇರೆಯವರು ನಮ್ಮನ್ನು ಕೀಳಾಗಿ ಕಾಣುತ್ತಾರೆಂಬ ಭಯ. ಈ ಮೂರನೆಯದೇ ನಮ್ಮ ಕಡೆ ಬಲವಾದದ್ದು ಎಂದು ನನ್ನ ಅಂದಾಜು. ಅದೂ ಎರಡು ಅಲಗಿನ ಭಯ. ತಪ್ಪು ಮಾತಾಡಿದರೆ ‘ಬಟ್ಲರ್ ಇಂಗ್ಲಿಷ್’ ಎಂದು ನಗುತ್ತಾರೆ. ಸರಿಯಾಗಿ ಮಾತಾಡಿದರೆ ‘ಓಹೋ, ಲಂಡನ್ನಿಂದ ಬಂದವ್ಳೆ’, ‘ಏನ್ ಟುಸ್‌ಪುಸ್ ಅಂತಾಳೆ ನೋಡು’ ಎಂದು ಮುಸಿಮುಸಿ ನಗುತ್ತಾರೆ. ತಪ್ಪಿಗೂ ಶಿಕ್ಷೆ, ಒಪ್ಪಿಗೂ ಶಿಕ್ಷೆ. ಇಂಥಲ್ಲಿ ಬುದ್ಧಿ ಇರುವವರು ಬಾಯಿ ಮುಚ್ಚಿಕೊಂಡೇ ಇರುತ್ತಾರೆ.

ಸರಿಯಾಗಿ ಮಾತಾಡಿದವರನ್ನೂ ಆಡಿಕೊಳ್ಳುವುದೇಕೆ? ಹಂಗೇರಿಯ ಝೋಲ್ಟಾನ್ ಡೋರ್ನ್ಯೇ ಎಂಬ ಭಾಷಾ ವಿದ್ವಾಂಸರು 2005ರಿಂದೀಚೆಗೆ ಮುಂದಿಟ್ಟ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭಾಷೆ ಕಲಿಯುವವರ ಮನಸ್ಸಿನಲ್ಲಿ ‘ನಾಳೆ ನಾನು ಹೀಗಿರಬೇಕು’ ಎಂಬ ಒಂದು ಚಿತ್ರ ಇರುತ್ತದೆ, ಕಲಿಕೆಗೆ ಬಲ ಬರುವುದು ಅದರಿಂದ ಎಂಬುದು ಅದರ ತಿರುಳು. ನಮ್ಮ ಪ್ರಶಿಕ್ಷಣಾರ್ಥಿಯ ಮನಸ್ಸಿನಲ್ಲಿ ಇಂಗ್ಲಿಷ್ ಮಾತಾಡುವ ವ್ಯಕ್ತಿಯ ಚಿತ್ರ ಯಾರದು? ಇಂಗ್ಲೆಂಡಿನವರದಲ್ಲ, ಅಮೆರಿಕದವರದೂ ಅಲ್ಲ. ಮೈಸೂರಿನ ಕಾನ್ವೆಂಟಿನ ಮಿಸ್ಸು: ಮಡಿಕೆ ಕೆಡದ ಸೀರೆ, ಸ್ಕೂಟರು, ಮನೆಯಲ್ಲೂ ಇಂಗ್ಲಿಷ್ ಪೇಪರು. ಅದು ಇನ್ನೊಂದು ಭಾಷೆ ಎನ್ನುವುದಕ್ಕಿಂತ ಇನ್ನೊಂದು ಅಂತಸ್ತು. ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ತಾನಲ್ಲದವಳ ವೇಷ ಹಾಕಿದ ಹಾಗೆ ಆಗುತ್ತದೆ. ಸಹಪಾಠಿಗಳು ನಗುವುದೂ ಆ ವೇಷಕ್ಕೇ.

ಮಂಡ್ಯ ಕಡೆಯವರಿಗೆ ಇದರ ಮೇಲೆ ಇನ್ನೊಂದು ಹೊರೆ. ನಮ್ಮ ಸೀಮೆಯ ಆಡುಗನ್ನಡದಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’, ಹಣ್ಣು ‘ಅಣ್ಣು’, ಹೋಗು ‘ಓಗು’. ಹಾಗೆಯೇ ಹೌಸ್ ‘ಔಸ್’ ಆಗುತ್ತದೆ, ಹಿಸ್ಟರಿ ‘ಇಸ್ಟ್ರಿ’ ಆಗುತ್ತದೆ. ತಿದ್ದಿಕೊಳ್ಳಲು ಹೋಗಿ ಕೆಲವೊಮ್ಮೆ ಆಪಲ್ಲಿಗೂ ಒಂದು ಹಕಾರ ಅಂಟಿಕೊಳ್ಳುತ್ತದೆ. ಎಗ್ ‘ಯೆಗ್’ ಆಗುವುದು, ಓನ್ಲಿ ‘ವೋನ್ಲಿ’ ಆಗುವುದು ಕನ್ನಡಿಗರೆಲ್ಲರ ನಾಲಿಗೆಯ ಗುಣ, ಅದಕ್ಕೆ ಯಾರೂ ನಗುವುದಿಲ್ಲ. ಹಕಾರಕ್ಕೆ ಮಾತ್ರ ನಗು. ಕಾಮಿಡಿ ಷೋಗಳಲ್ಲಿ ಮಂಡ್ಯದ ಕನ್ನಡ ಬಂದರೆ ಸಾಕು, ನಗು ಗ್ಯಾರಂಟಿ. ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದು ಓದುವ ಹುಡುಗನಿಗೆ ತನ್ನ ಕನ್ನಡವೇ ‘ಸರಿ ಇಲ್ಲ’ ಎಂಬುದು ಪದವಿಯ ಮೊದಲ ವರ್ಷದಲ್ಲೇ ತಿಳಿದಿರುತ್ತದೆ. ನಾಲ್ಕು ಜನರ ಮುಂದೆ ಸುಮ್ಮನಿರುವುದನ್ನು ಅವನು ಕಲಿತದ್ದು ಕನ್ನಡದಲ್ಲೇ. ಇಂಗ್ಲಿಷಿಗೆ ಬರುವ ಹೊತ್ತಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ. ಇಂಗ್ಲಿಷ್ ಭಯದ ಬಗ್ಗೆ ಭಾಷಣ ಮಾಡುವವರು ಈ ಸಂಗತಿಯನ್ನು ಮುಟ್ಟುವುದೇ ಇಲ್ಲ.

ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಇಂಟರ್ನ್‌ಶಿಪ್ಪಿನಲ್ಲಿ ಕಂಡ ಒಂದು ತರಗತಿಯನ್ನು ಇಲ್ಲಿ ಹೇಳಬೇಕು. ಶ್ರೀರಂಗಪಟ್ಟಣದ ಆಚೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿ. ಪಾಠ ಮಾಡುತ್ತಿದ್ದಾಕೆ ಮೇಜಿನ ಕೆಳಗೆ, ಮೇಲೆ, ಹಿಂದೆ ಒಂದು ಆಟಿಕೆ ಬೆಕ್ಕನ್ನು ಇಟ್ಟು ಕೇಳುತ್ತಿದ್ದಳು. ‘ವೇರ್ ಈಸ್ ದ ಕ್ಯಾಟ್?’ ‘ಅಂಡರ್ ದ ಟೇಬಲ್ ಮಿಸ್!’ ಅವಳ ವಾಕ್ಯಗಳಲ್ಲಿ ತಪ್ಪಿತ್ತು, ಮಧ್ಯೆ ಮಧ್ಯೆ ಕನ್ನಡವಿತ್ತು, ಮಕ್ಕಳಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಷ್ಟರಲ್ಲಿ ವೀಕ್ಷಣಾ ಹಾಳೆ ಹಿಡಿದು ಕಾಲೇಜಿನ ಮೇಲ್ವಿಚಾರಕರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವಳು ಬೋರ್ಡಿನ ಕಡೆ ತಿರುಗಿ ದಿನಾಂಕ, ತರಗತಿ, ವಿಷಯ ಬರೆಯತೊಡಗಿದಳು. ತಿರುಗಿ ನಿಂತಾಗ ದನಿಯೇ ಬೇರೆ. ಪಾಠ ಯೋಜನೆಯಲ್ಲಿದ್ದ ವಾಕ್ಯಗಳನ್ನು ಒಪ್ಪಿಸಿದಳು. ಒಬ್ಬ ಹುಡುಗ ಎದ್ದು, ‘ಮಿಸ್, ನಮ್ಮನೆ ಬೆಕ್ಕು ಮರಿ ಆಕೈತೆ’ ಅಂದ. ‘ಹೌ ಮೆನಿ?’ ಎಂದು ಎರಡು ಪದ ಕೇಳಿದ್ದರೆ ಅಲ್ಲೊಂದು ಮಾತುಕತೆ ಹುಟ್ಟುತ್ತಿತ್ತು. ಅದು ಯೋಜನೆಯಲ್ಲಿರಲಿಲ್ಲ. ‘ಸಿಟ್ ಡೌನ್’ ಅಂದಳು. ಕೊನೆಗೆ ‘ಅಂಡರ್‌ಸ್ಟುಡ್?’ ‘ಯೆಸ್ ಮಿಸ್.’ ಹಾಳೆಯಲ್ಲಿ ಮೇಲ್ವಿಚಾರಕರ ಷರಾ: ವಾಯ್ಸ್ ಮಾಡ್ಯುಲೇಷನ್ ಸಾಲದು.

ಮಕ್ಕಳೆಂದರೆ ಅವಳಿಗೆ ಭಯವಿರಲಿಲ್ಲ. ಭಯ ಹಿಂದಿನ ಬೆಂಚಿನದು. ಪೀಟರ್ ಮ್ಯಾಕಿಂಟೈರ್ ಮತ್ತು ಜೊತೆಗಾರರು 1998ರಲ್ಲಿ ‘ಮಾತಾಡಲು ಮನಸ್ಸಾಗುವುದು’ ಎಂಬುದನ್ನು ಭಾಷೆ ಗೊತ್ತಿರುವುದರಿಂದ ಬೇರ್ಪಡಿಸಿ ನೋಡಿದ್ದು ಇದಕ್ಕೇ. ಎದುರಿಗೆ ಯಾರಿದ್ದಾರೆ, ಆ ಗಳಿಗೆಯಲ್ಲಿ ಎದೆ ಎಷ್ಟು ಗಟ್ಟಿಯಿದೆ ಎಂಬುದರ ಮೇಲೆ ಅದೇ ವ್ಯಕ್ತಿ ಮಾತಾಡಬಹುದು, ಮಾತಾಡದಿರಬಹುದು. ಐದು ನಿಮಿಷದ ಅಂತರದಲ್ಲಿ ಅವಳ ಇಂಗ್ಲಿಷ್ ಜ್ಞಾನ ಕುಸಿದಿರಲಿಲ್ಲ.

ಪಾಠ ಯೋಜನೆಯ ಬಗ್ಗೆಯೂ ಒಂದು ಮಾತು. ಬಿ.ಎಡ್ ರೆಕಾರ್ಡಿನಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂದು ಅಕ್ಕಪಕ್ಕ ಕಲಂಗಳಿರುತ್ತವೆ. ಶಿಕ್ಷಕಿ ಏನು ಕೇಳುತ್ತಾಳೆ ಎಂಬುದಷ್ಟೇ ಅಲ್ಲ, ಮಗು ಏನು ಉತ್ತರ ಕೊಡುತ್ತದೆ ಎಂಬುದನ್ನೂ ಹಿಂದಿನ ರಾತ್ರಿಯೇ ಬರೆದಾಗಿರುತ್ತದೆ. ಮಗುವಿನ ಉತ್ತರವನ್ನೂ ತಾನೇ ಬರೆದುಕೊಂಡು ಹೋಗುವ ತರಬೇತಿಯಲ್ಲಿ ಮಾತುಕತೆಗೆ ಜಾಗ ಎಲ್ಲಿ? ರೆಕಾರ್ಡು ಚೆಂದವಾಗಿದ್ದರೆ ಅಂಕ. ಮಾರ್ಜಿನ್ ಹಾಕಲು ಬಣ್ಣದ ಪೆನ್ನು ಬೇರೆ.

ಯಾಕೆ ಈಗ ಇದು ತುರ್ತು

2007ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ಯೋಜನೆ ಜಾರಿಗೆ ಬಂತು. ಅಲ್ಲಿ ಪಾಠ ಮಾಡಲು ನಿಂತವರು ಹೆಚ್ಚಾಗಿ ಶಾಲೆಯಲ್ಲಿದ್ದ ಕನ್ನಡ ಮಾಧ್ಯಮದ ಶಿಕ್ಷಕರೇ. ಆಮೇಲೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಕಲಿಸಲು ಬಿ.ಎಡ್ ಪದವಿ ಅರ್ಹತೆಯಲ್ಲ ಎಂದಿತು. ಅಂದಮೇಲೆ ಒಂದರಿಂದ ಐದನೇ ತರಗತಿಯವರೆಗಿನ ಕೆಲಸ ಡಿ.ಎಲ್.ಎಡ್, ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಮಾಡಿದವರದು. ಪಿಯುಸಿ ಮುಗಿಸಿ ನೇರ ಬರುವ ಇವರಿಗೆ ಇಂಗ್ಲಿಷಿನ ಒಡನಾಟ ಪದವೀಧರರಿಗಿಂತಲೂ ಕಡಿಮೆ. ಹಳ್ಳಿಯ ಮಗುವೊಂದು ತನ್ನ ಜೀವನದಲ್ಲಿ ಎದುರಾಎದುರು ಕೇಳುವ ಮೊದಲ ಇಂಗ್ಲಿಷ್ ದನಿ ಇವರದು. ಎಲ್ಲರ ಗಮನ ಮಾತ್ರ ಬಿ.ಎಡ್ ಮೇಲೆ, ಡಿ.ಎಲ್.ಎಡ್ ಕಾಲೇಜುಗಳು ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿದ್ದರೂ ಸುದ್ದಿಯಾಗುವುದಿಲ್ಲ.

ಅಂಜುವ ಶಿಕ್ಷಕರು ಏನು ಮಾಡುತ್ತಾರೆ? ಹಾರ್ವಿಟ್ಜ್ ಅವರೇ 1996ರಲ್ಲಿ ಇದನ್ನು ಬರೆದರು: ಪರಭಾಷೆ ಕಲಿಸುವ ಶಿಕ್ಷಕರಲ್ಲೇ ಈ ಅಂಜಿಕೆ ಇರುತ್ತದೆ, ಅದಿರುವವರು ತಮಗೇ ಅರಿವಿಲ್ಲದೆ ಆ ಭಾಷೆಯನ್ನು ಹೆಚ್ಚು ಬಳಸಬೇಕಾದ ಚಟುವಟಿಕೆಗಳಿಂದ ತಪ್ಪಿಸಿಕೊಳ್ಳುತ್ತಾರೆ. ನಮ್ಮ ತರಗತಿಗಳಲ್ಲಿ ತಪ್ಪಿಸಿಕೊಳ್ಳುವ ದಾರಿಗಳು ಎಲ್ಲರಿಗೂ ಗೊತ್ತು. ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸುವುದು. ಪದ್ಯವನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ಹೇಳುವುದು. ‘ನೀನು ಓದು’ ಎಂದು ಚುರುಕಾದ ಒಂದು ಮಗುವಿಗೆ ಪುಸ್ತಕ ಕೊಟ್ಟು ಕೂರುವುದು. ಹತ್ತು ವರ್ಷ ಇಂಥ ಪಾಠ ಕೇಳಿದ ಮಕ್ಕಳಲ್ಲೇ ಕೆಲವರು ಮುಂದೆ ಡಿ.ಎಲ್.ಎಡ್, ಬಿ.ಎಡ್ ಸೇರುತ್ತಾರೆ. ಶಿಕ್ಷಕರು ತಾವು ಕಲಿತಂತೆಯೇ ಕಲಿಸುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ತೋರಿಸಿದ್ದ. ಎರಡು ವರ್ಷದ ತರಬೇತಿ ಆ ಹತ್ತು ವರ್ಷದ ಅಭ್ಯಾಸದ ಜೊತೆ ಗುದ್ದಾಡಬೇಕು.

ಇದರಲ್ಲಿ ಕನ್ನಡಾಭಿಮಾನದ ಪಾತ್ರ ಎಷ್ಟು ಎಂದು ಕೆಲವರು ಕೇಳುತ್ತಾರೆ. ಬಹಳ ಕಡಿಮೆ. 2024ರ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ನಡೆಯಿತು; ಶಿಕ್ಷಣ ಮಾಧ್ಯಮದ ಮಾತು ಬಾರದ ಸಮ್ಮೇಳನ ಯಾವುದಿದೆ? ಆದರೆ ಇಂಗ್ಲಿಷಿನ ಮೇಲಿನ ಸಿಟ್ಟಿಗೆ ಮಾತಾಡದೆ ಕೂತ ಪ್ರಶಿಕ್ಷಣಾರ್ಥಿಯನ್ನು ನಾನು ಕಂಡಿಲ್ಲ. ಮೈಸೂರಿನ ಚರಿತ್ರೆಯೂ ಇಬ್ಬಗೆಯದಲ್ಲ. ಮಹಾರಾಜ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರೇ ಕನ್ನಡದ ಪರ ಊರೂರು ಸುತ್ತಿ ಮಾತಾಡಿದವರು. ಎರಡೂ ಭಾಷೆ ಒಂದೇ ಬಾಯಲ್ಲಿ ಇರಬಹುದು ಎಂಬುದಕ್ಕೆ ಈ ಊರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಬೇಕಾದ ಇಂಗ್ಲಿಷ್ ಎಷ್ಟು

ಒಂದು ತಪ್ಪು ಕಲ್ಪನೆ ಎಲ್ಲವನ್ನೂ ಕಷ್ಟ ಮಾಡಿದೆ. ಶಿಕ್ಷಕರು ‘ಫ್ಲುಯೆಂಟ್’ ಆಗಿ, ಟಿವಿಯವರ ಹಾಗೆ ಮಾತಾಡಬೇಕು ಎಂಬುದು. ಪ್ರಾಥಮಿಕ ತರಗತಿಗೆ ಬೇಕಾದ ಇಂಗ್ಲಿಷ್ ಬಹಳ ಸಣ್ಣದು, ದಿನಾ ಅದೇ ಬರುವಂಥದ್ದು. ಕೂತುಕೊಳ್ಳಿ, ಎದ್ದು ಬಾ, ತೋರಿಸು, ಯಾಕೆ ತಡ, ಯಾರದು ಇದು, ಇನ್ನೊಂದು ಸಲ ಹೇಳು, ಹೌದಾ, ಆಮೇಲೆ ಏನಾಯಿತು. ಇಂಥ ನೂರಿನ್ನೂರು ವಾಕ್ಯಗಳು ಮತ್ತು ಅವುಗಳನ್ನು ತಿರುಗಿಸಿ ಮುರುಗಿಸಿ ಬಳಸುವ ಧೈರ್ಯ. ಇದು ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸ. ಕನ್ನಡ ಮಧ್ಯೆ ಬಂದರೆ ಪಾಪವಲ್ಲ. ಬೆಕ್ಕು ಮರಿ ಹಾಕಿದ ಸುದ್ದಿಯನ್ನು ಮಗು ಕನ್ನಡದಲ್ಲಿ ಹೇಳಲಿ, ಶಿಕ್ಷಕಿ ‘ಹೌ ಮೆನಿ?’ ಎನ್ನಲಿ, ಮಗು ‘ತ್ರೀ’ ಎನ್ನಲಿ. ಪೀಟರ್ ಮೆಡ್ಜೆಶ್ ಎಂಬ ಹಂಗೇರಿಯ ಶಿಕ್ಷಣತಜ್ಞರು 1990ರ ದಶಕದಲ್ಲೇ ವಾದಿಸಿದಂತೆ, ಆ ಭಾಷೆಯನ್ನು ತಾನೂ ಕಷ್ಟಪಟ್ಟು ಕಲಿತ ಶಿಕ್ಷಕನಿಗೆ ಮಕ್ಕಳು ಎಲ್ಲಿ ಮುಗ್ಗರಿಸುತ್ತಾರೆ ಎಂಬುದು ಮೊದಲೇ ಗೊತ್ತಿರುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಿಂದ ಮಧ್ಯೆ ಬರುವ ಭಾಷೆಗೆ ದಾಟುವಾಗಿನ ತೊಡಕು ಕಾನ್ವೆಂಟಿನ ಮಿಸ್ಸಿಗಿಂತ ಕೆ.ಆರ್.ಪೇಟೆಯ ಮಿಸ್ಸಿಗೆ ಚೆನ್ನಾಗಿ ತಿಳಿದಿದೆ.

ಹೊಸ ಸಿದ್ಧಾಂತ ಹುಡುಕಿಕೊಂಡು ದೂರ ಹೋಗುವುದೂ ಬೇಡ. 1979ರಿಂದ 1984ರವರೆಗೆ ಭಾಷಾ ಶಿಕ್ಷಣತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ಕೇಂದ್ರ. ವ್ಯಾಕರಣದ ಪಟ್ಟಿ ಬದಿಗಿಟ್ಟು ನಕ್ಷೆ, ರೈಲಿನ ವೇಳಾಪಟ್ಟಿಯಂಥವನ್ನು ಕೊಟ್ಟು ಲೆಕ್ಕ ಹಾಕಿಸುವುದು ಅದರ ರೀತಿ. ಯೋಚನೆ ವಿಷಯದ ಮೇಲಿರುತ್ತದೆ, ಭಾಷೆ ಅದರ ಹಿಂದೆ ಬರುತ್ತದೆ. ತಪ್ಪು ಬಂದರೆ ಶಿಕ್ಷಕರು ಸರಿಯಾದ ರೂಪವನ್ನು ತಾವೇ ಆಡಿ ಮುಂದೆ ಹೋಗುತ್ತಿದ್ದರು, ಪಾಠ ನಿಲ್ಲಿಸಿ ಸೂತ್ರ ಹೇಳುತ್ತಿರಲಿಲ್ಲ. ಮೈಸೂರು–ಬೆಂಗಳೂರು ರೈಲಿನ ವೇಳಾಪಟ್ಟಿ ಕೊಟ್ಟು, ಪಾಂಡವಪುರದಲ್ಲಿ ಯಾವುದು ನಿಲ್ಲುವುದಿಲ್ಲ, ಹತ್ತು ಗಂಟೆಗೆ ಮದ್ದೂರಿನಲ್ಲಿರಬೇಕಾದರೆ ಯಾವುದಕ್ಕೆ ಹತ್ತಬೇಕು ಎಂದು ಇಬ್ಬಿಬ್ಬರು ಪ್ರಶಿಕ್ಷಣಾರ್ಥಿಗಳನ್ನು ಇಂಗ್ಲಿಷಿನಲ್ಲಿ ಚರ್ಚಿಸಲು ಬಿಡಿ. ಮೂವತ್ತು ಜೋಡಿ ಒಟ್ಟಿಗೆ ಮಾತಾಡುವಾಗ ಯಾರ ‘ಔಸ್’ ಯಾರ ಕಿವಿಗೂ ಬೀಳುವುದಿಲ್ಲ. ಮುಂದೆ ಬಂದು ಭಾಷಣ ಮಾಡು ಎನ್ನುವುದು ಅಂಜುವವರಿಗೆ ಕೊಡಬಹುದಾದ ಅತಿ ಕೆಟ್ಟ ಆರಂಭ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ಇನ್ನೊಂದು ಪಾಠ ಮೈಸೂರು ಜಿಲ್ಲೆಯದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಮಕ್ಕಳು ಕಾರ್ಡುಗಳ ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ಪದ್ಧತಿ ಕಟ್ಟಿದರು. ಕಾರ್ಡುಗಳನ್ನು ಅವರೇ ಬರೆದರು, ಅವರೇ ತಿದ್ದಿದರು. ಶಿಕ್ಷಕರ ಮನೋಭಾವ ಬದಲಾದದ್ದು ಸುತ್ತೋಲೆಯಿಂದಲ್ಲ, ಆ ಕೆಲಸದಿಂದ. ಅದೇ ನಲಿ-ಕಲಿ ಇಲಾಖೆಯ ಆದೇಶವಾಗಿ ರಾಜ್ಯಕ್ಕೆಲ್ಲ ಹಬ್ಬಿದಾಗ ಆ ಹುರುಪು ಎಲ್ಲ ಕಡೆ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ತರಗತಿಯ ಇಂಗ್ಲಿಷಿನ ವಾಕ್ಯಪಟ್ಟಿಯನ್ನು ಪ್ರಶಿಕ್ಷಣಾರ್ಥಿಗಳೇ, ತಮ್ಮ ಇಂಟರ್ನ್‌ಶಿಪ್ ಶಾಲೆಯಲ್ಲಿ ಕೇಳಿದ ಮಾತುಗಳಿಂದ ತಯಾರಿಸಲಿ. ಮೇಲಿನಿಂದ ಒಂದು ಕೈಪಿಡಿ ಬಂದರೆ ಅದು ಬೀರುವಿನಲ್ಲಿ ಕೂರುತ್ತದೆ.

ಈಚೆಗೆ ಫೋನಿನ ಜೊತೆ ಇಂಗ್ಲಿಷ್ ಮಾತಾಡುವವರು ಹೆಚ್ಚಿದ್ದಾರೆ. ಆ್ಯಪ್‌ಗಳು ಉತ್ತರಿಸುತ್ತವೆ, ತಿದ್ದುತ್ತವೆ, ನಗುವುದಿಲ್ಲ. ಒಳ್ಳೆಯದೇ. ಆದರೆ ನಲವತ್ತು ಜೋಡಿ ಕಣ್ಣುಗಳ ಮುಂದೆ ನಿಲ್ಲುವ ಅಭ್ಯಾಸ ಅದರಿಂದ ಬರುವುದಿಲ್ಲ.

ಕಾಲಾವಕಾಶ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳಿಂದ ಬಿ.ಎಡ್ ಎರಡು ವರ್ಷದ ಕೋರ್ಸಾಯಿತು, ಶಾಲಾನುಭವಕ್ಕೆ ಒಟ್ಟು 20 ವಾರ ಸಿಕ್ಕಿತು. ವೃತ್ತಿ ಸಾಮರ್ಥ್ಯ ಹೆಚ್ಚಿಸುವ ಕೋರ್ಸುಗಳೆಂದು ನಾಟಕ, ಕಲೆ, ಓದು, ಆತ್ಮಪರಿಚಯ ಎಲ್ಲ ಸೇರಿದವು. ಅವುಗಳಲ್ಲಿ ಬಹುಪಾಲು ಇಂದು ಮತ್ತೊಂದು ರೆಕಾರ್ಡು ಪುಸ್ತಕ. ಆ ಅಂಕಗಳಲ್ಲಿ ಒಂದಷ್ಟನ್ನು ತರಗತಿಯ ಮಾತಿಗೆ ತಿರುಗಿಸಬಹುದು: ಪಾಠ ಒಪ್ಪಿಸಿದ್ದಕ್ಕಲ್ಲ, ಮಗುವಿನ ಅನಿರೀಕ್ಷಿತ ಮಾತಿಗೆ ಕೊಟ್ಟ ಉತ್ತರಕ್ಕೆ. ನೇಮಕಾತಿಯಲ್ಲೂ ಇಂಗ್ಲಿಷ್ ಹುದ್ದೆಗೆ ಐದು ನಿಮಿಷದ ಮೌಖಿಕ ಪರೀಕ್ಷೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ಸಂದರ್ಶನ ಎಂದಕೂಡಲೇ ಲಂಚ, ಜಾತಿ, ಶಿಫಾರಸಿನ ಭಯ ಬರುತ್ತದೆ, ಆ ಭಯಕ್ಕೆ ಕಾರಣವೂ ಇದೆ. ಮಾತನ್ನು ರೆಕಾರ್ಡ್ ಮಾಡಿ, ಹೆಸರು ಮರೆಮಾಡಿ ಬೇರೆ ಜಿಲ್ಲೆಯವರಿಂದ ಮೌಲ್ಯಮಾಪನ ಮಾಡಿಸಬಹುದು. ಉತ್ತರಪತ್ರಿಕೆಗೆ ಮಾಡುವುದೂ ಅದನ್ನೇ.

ನಿಜವಾದ ಅಡ್ಡಿ ಬೇರೆ ಇದೆ. ಅಂಕ ಕೊಡಬೇಕಾದವರು ಬಿ.ಎಡ್ ಮತ್ತು ಡಿ.ಎಲ್.ಎಡ್ ಕಾಲೇಜಿನ ಉಪನ್ಯಾಸಕರು. ಅವರೂ ಇದೇ ದಾರಿಯಲ್ಲಿ ಬಂದವರು, ಇದೇ ಪರೀಕ್ಷೆ ಪಾಸು ಮಾಡಿದವರು. ಇಂಗ್ಲಿಷ್ ಬೋಧನಾ ವಿಧಾನವನ್ನು ಕನ್ನಡದಲ್ಲಿ ನೋಟ್ಸ್ ಹೇಳಿ ಬರೆಸುವ ತರಗತಿಗಳು ಇಲ್ಲದಿಲ್ಲ. ತಮಗೇ ಸರಾಗ ಮಾತು ಬರುವುದಿಲ್ಲ ಎಂದು ಕೆಲವರು ಖಾಸಗಿಯಾಗಿ ಒಪ್ಪುತ್ತಾರೆ, ವಿದ್ಯಾರ್ಥಿಗಳ ಮುಂದೆ ಒಪ್ಪಲಾರರು. ಮೈಸೂರಿನಲ್ಲಿ ಸಂಸ್ಥೆಗಳಿಗೆ ಬರವಿಲ್ಲ. 1963ರಿಂದ ನಾಲ್ಕು ವರ್ಷದ ಸಮಗ್ರ ಶಿಕ್ಷಕ ಪದವಿ ನಡೆಸಿದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ, 1969ರ ಭಾರತೀಯ ಭಾಷಾ ಸಂಸ್ಥಾನ ಅದರ ನೆರೆಯಲ್ಲಿದೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ವಸಂತ ಮಹಲ್‌ನಲ್ಲಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸೇವೆಯಲ್ಲಿರುವ ಶಿಕ್ಷಕರಿಗೆ 30 ದಿನದ ತರಬೇತಿ ಕೊಡುತ್ತದೆ. ಇಲ್ಲಿನ ತರಬೇತಿಗಳ ಗುರಿ ಹೆಚ್ಚಾಗಿ ಶಾಲಾ ಶಿಕ್ಷಕರು. ಶಿಕ್ಷಕರನ್ನು ತಯಾರು ಮಾಡುವ ಖಾಸಗಿ ಕಾಲೇಜಿನ ಉಪನ್ಯಾಸಕರನ್ನು, ಕಡಿಮೆ ಸಂಬಳಕ್ಕೆ ದುಡಿಯುವ ಅವರನ್ನು, ಯಾರೂ ಕರೆದು ಕೂರಿಸಿ ಮಾತಾಡಿಸಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ನಾಲ್ಕು ವರ್ಷದ ಸಮಗ್ರ ಬಿ.ಎಡ್ ಕನಿಷ್ಠ ಅರ್ಹತೆಯಾಗಬೇಕು. ಕೋರ್ಸಿನ ಅವಧಿ ಹಿಗ್ಗಿದರೂ ಕುಗ್ಗಿದರೂ ಹಿಂದಿನ ಬೆಂಚಿನಲ್ಲಿ ಹಾಳೆ ಹಿಡಿದು ಕೂರುವವರು ಸದ್ಯಕ್ಕೆ ಇವರೇ. ರೈಲಿನ ವೇಳಾಪಟ್ಟಿಯ ಆಟಕ್ಕೆ ಮೊದಲ ಜೋಡಿಗಳಾಗಿ ಇವರನ್ನೇ ಕೂರಿಸಬೇಕು, ಅದೂ ವಿದ್ಯಾರ್ಥಿಗಳು ನೋಡುತ್ತಿರುವಾಗ.